ಗಂಟಲಿನ ರಿಪೋರ್ಟ್ ತುಂಬಾ ‘ಆರ್’ ಬಂದಿದೆ, ಇನ್ನು ಇಂಜೆಕ್ಷನ್ನೇ ಗತಿಯೇ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ವಯಸ್ಸು 38. ಒಂದು ವರ್ಷದಿಂದ ಪದೇ ಪದೇ ಗಂಟಲು ನೋವು ಬರುತ್ತಿದೆ. ಮೊದಮೊದಲು ಮೆಡಿಕಲ್ ಶಾಪಿನಲ್ಲಿ ಹೇಳಿ ಮೂರು ದಿನದ ಅಜಿತ್ರೋಮೈಸಿನ್ ತರುತ್ತಿದ್ದೆ. ಎರಡು-ಮೂರು ದಿನದಲ್ಲಿ ವಾಸಿಯಾಗುತ್ತಿತ್ತು. ಈಚೆಗೆ ಎರಡು ಸಲ ತೆಗೆದುಕೊಂಡರೂ ಪ್ರಯೋಜನ ಆಗಲಿಲ್ಲ. ಈಗ ಜ್ವರ ಇಲ್ಲ. ಆದರೆ ಬೆಳಿಗ್ಗೆ ಎದ್ದಾಗ ಗಂಟಲು ಉರಿ, ಕೆರೆತ. ಸಂಜೆ ಹೊತ್ತಿಗೆ ದನಿ ಕಟ್ಟುತ್ತದೆ. ನಾನೇ ಲ್ಯಾಬಿಗೆ ಹೋಗಿ ಗಂಟಲಿನ ಸ್ವಾಬ್ ಕಲ್ಚರ್ ಮಾಡಿಸಿದೆ. ‘ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ’ ಎಂದು ಬಂದಿದೆ. ಆಂಪಿಸಿಲಿನ್, ಅಮಾಕ್ಸಿಸಿಲಿನ್, ಸೆಫಿಕ್ಸೀಮ್ ಎಲ್ಲದರ ಮುಂದೆಯೂ ‘ಆರ್’. ಅಮಿಕಾಸಿನ್, ಮೆರೋಪೆನೆಮ್ ಮುಂದೆ ಮಾತ್ರ ‘ಎಸ್’. ಇಂಜೆಕ್ಷನ್ ಹಾಕಿಸಿಕೊಳ್ಳದೆ ಬೇರೆ ದಾರಿ ಇಲ್ಲ ಎನ್ನುತ್ತಾರೆ ಪರಿಚಯದವರು. ನನ್ನ ಮೈಗೆ ಆ್ಯಂಟಿಬಯಾಟಿಕ್ ಒಗ್ಗಿಹೋಗಿದೆಯೇ? 9 ವರ್ಷದ ಮಗನಿಗೂ ಆಗಾಗ ಗಂಟಲು ನೋವು. ಅವನ ಎಎಸ್‌ಒ ಟೆಸ್ಟ್ 400 ಬಂದಿದೆ. 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಶುರು ಮಾಡಬೇಕು ಎಂದಿದ್ದಾರೆ. ನನ್ನಿಂದಲೇ ಅವನಿಗೆ ಹರಡಿತೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಇವೆ. ಇನ್ನು ತನಗೆ ಯಾವ ಮಾತ್ರೆಯೂ ನಾಟುವುದಿಲ್ಲ ಎಂಬುದು ಒಂದು. ಆ ಮೊಂಡು ರೋಗಾಣುವನ್ನು ಮಗನಿಗೂ ಅಂಟಿಸಿಬಿಟ್ಟೆ ಎಂಬುದು ಇನ್ನೊಂದು. ನೀವು ಬರೆದಿರುವುದನ್ನು ನೋಡಿದರೆ ಎರಡಕ್ಕೂ ಆಧಾರ ಕಾಣುತ್ತಿಲ್ಲ. ಈ ರಿಪೋರ್ಟ್ ನಂಬಿಕೊಂಡು ದಯವಿಟ್ಟು ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ನನಗೆ ಚಿಂತೆ ಹುಟ್ಟಿಸಿದ್ದು ರಿಪೋರ್ಟಿನ ಕ್ಲೆಬ್ಸಿಯೆಲ್ಲಾಗಿಂತ, ನೀವು ವರ್ಷವಿಡೀ ನುಂಗಿದ ಅಜಿತ್ರೋಮೈಸಿನ್.

‘ಮೈಗೆ ಒಗ್ಗಿಹೋಗಿದೆ’ ಎನ್ನುವ ಮಾತನ್ನು ನನ್ನ ಹತ್ತಿರ ಬರುವವರು ಬಹಳ ಹೇಳುತ್ತಾರೆ. ಆ್ಯಂಟಿಬಯಾಟಿಕ್‌ಗೆ ಒಗ್ಗಿಕೊಳ್ಳುವುದು ನಮ್ಮ ಮೈ ಅಲ್ಲ, ನಮ್ಮೊಳಗಿರುವ ಬ್ಯಾಕ್ಟೀರಿಯಾ. ಒಂದು ಬ್ಯಾಕ್ಟೀರಿಯಾ ಒಂದು ಔಷಧಿಗೆ ಬಗ್ಗುವುದಿಲ್ಲ ಎಂದರೆ ಅಷ್ಟೇ ಅರ್ಥ. ನಾಳೆ ನಿಮಗೆ ಬೇರೆ ಬ್ಯಾಕ್ಟೀರಿಯಾದಿಂದ ಸೋಂಕು ಬಂದರೆ, ಅದಕ್ಕೆ ಸರಿಯಾದ ಔಷಧಿ ಕೊಟ್ಟರೆ, ಬೇರೆಯವರಿಗೆ ಕೆಲಸ ಮಾಡುವ ಹಾಗೇ ನಿಮಗೂ ಮಾಡುತ್ತದೆ.

ಈಗ ರಿಪೋರ್ಟಿಗೆ ಬರೋಣ. ಗಂಟಲು ಯಾವತ್ತೂ ಬ್ಯಾಕ್ಟೀರಿಯಾ ಇಲ್ಲದ ಜಾಗ ಅಲ್ಲ. ಆರೋಗ್ಯವಾಗಿರುವ ಯಾರ ಗಂಟಲಿನಿಂದ ಸ್ವಾಬ್ ತೆಗೆದರೂ ಏನಾದರೂ ಬೆಳೆದೇ ಬೆಳೆಯುತ್ತದೆ. ಅದರಲ್ಲಿ ನೋವಿಗೆ ಕಾರಣವಾದದ್ದು ಯಾವುದು, ಸುಮ್ನೆ ಅಲ್ಲಿ ವಾಸ ಇರುವುದು ಯಾವುದು ಎಂದು ಬೇರೆ ಮಾಡಿ ಹೇಳಲು ಈ ಟೆಸ್ಟಿಗೆ ಬರುವುದಿಲ್ಲ. ಕ್ಲೆಬ್ಸಿಯೆಲ್ಲಾ ಮುಖ್ಯವಾಗಿ ಕರುಳಿನಲ್ಲಿರುವ ಬ್ಯಾಕ್ಟೀರಿಯಾ. ಕೆಲವರ ಗಂಟಲಿನಲ್ಲೂ ಇರುತ್ತದೆ. ಆ್ಯಂಟಿಬಯಾಟಿಕ್ ಮೇಲೆ ಆ್ಯಂಟಿಬಯಾಟಿಕ್ ತೆಗೆದುಕೊಂಡವರಲ್ಲಿ ಇನ್ನೂ ಸುಲಭವಾಗಿ ನೆಲೆಸುತ್ತದೆ, ಏಕೆಂದರೆ ಅಲ್ಲಿದ್ದ ಸಾಧು ಬ್ಯಾಕ್ಟೀರಿಯಾಗಳು ಸತ್ತು ಜಾಗ ಖಾಲಿಯಾಗಿರುತ್ತದೆ. ಬೇರೆ ದೊಡ್ಡ ಕಾಯಿಲೆ ಇಲ್ಲದ, ಮನೆಯಲ್ಲೇ ಇರುವವರಿಗೆ ಅದು ಗಂಟಲು ನೋವು ತರುವುದಿಲ್ಲ. ನ್ಯುಮೋನಿಯಾ, ಮೂತ್ರದ ಸೋಂಕು, ರಕ್ತದ ಸೋಂಕಿನಲ್ಲಿ ಅದು ನಿಜಕ್ಕೂ ಅಪಾಯಕಾರಿ. ಅದು ಬೇರೆ ಮಾತು.

ಇನ್ನು ‘ಆರ್’ಗಳು. ‘ಆರ್’ ಎಂದರೆ ಆ ಔಷಧಿಗೆ ಬಗ್ಗದ್ದು, ‘ಎಸ್’ ಎಂದರೆ ಬಗ್ಗುವಂಥದ್ದು. ಆಂಪಿಸಿಲಿನ್ ಮತ್ತು ಅಮಾಕ್ಸಿಸಿಲಿನ್‌ಗೆ ಕ್ಲೆಬ್ಸಿಯೆಲ್ಲಾ ಹುಟ್ಟಿನಿಂದಲೇ ಬಗ್ಗುವುದಿಲ್ಲ. ಅವನ್ನು ನಾಶ ಮಾಡುವ ಕಿಣ್ವ ಅದರಲ್ಲೇ ಇದೆ. ಹಾಗಾಗಿ ಪಟ್ಟಿಯ ಮೊದಲ ‘ಆರ್’ಗಳು ಹೊಸ ಸುದ್ದಿಯೇ ಅಲ್ಲ. ಸೆಫಿಕ್ಸೀಮ್‌ಗೆ ಬಗ್ಗದಿರುವುದು ಆಮೇಲೆ ಗಳಿಸಿಕೊಂಡ ಗುಣ. ಅಂಥ ತಳಿ ನಮ್ಮ ದೇಶದಲ್ಲಿ ಈಗ ಆರೋಗ್ಯವಂತರ ಕರುಳಿನಲ್ಲೂ ಸಿಗುತ್ತದೆ. ಅದು ಸಂತೋಷದ ವಿಷಯ ಖಂಡಿತ ಅಲ್ಲ. ಆದರೆ ಅದನ್ನು ನಿಮ್ಮ ಗಂಟಲಿನಿಂದ ಓಡಿಸಲು ಇಂಜೆಕ್ಷನ್ ಹಾಕಿದರೆ ನೋವು ಹಾಗೇ ಇರುತ್ತದೆ, ತೊಂದರೆ ಮಾತ್ರ ಹೊಸದಾಗಿ ಬರುತ್ತದೆ. ಅಮಿಕಾಸಿನ್ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು, ಒಳಕಿವಿಯನ್ನೂ ಕೆಡಿಸಬಲ್ಲದು. ಹಾಗೆ ಹೋದ ಕಿವಿ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಕಿವಿ-ಮೂಗು-ಗಂಟಲಿನ ವೈದ್ಯನಾಗಿ ನಾನು ಇದನ್ನು ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಮೆರೋಪೆನೆಮ್ ಅಂತೂ ಐಸಿಯುನಲ್ಲಿ ಜೀವ ಉಳಿಸಲು ಇಟ್ಟುಕೊಳ್ಳಬೇಕಾದ ಔಷಧಿ.

ಹಾಗಾದರೆ ಗಂಟಲು ನೋವು ಯಾವುದರಿಂದ ಬರುತ್ತದೆ? ಜಾಸ್ತಿ ಪಾಲು ವೈರಸ್‌ನಿಂದ. ನೆಗಡಿ, ಕೆಮ್ಮು, ಮೂಗು ಸೋರುವುದು, ದನಿ ಒಡೆಯುವುದು ಜೊತೆಗಿದ್ದರೆ ಹೆಚ್ಚುಕಡಿಮೆ ವೈರಸ್ಸೇ. ಕಫ ಹಳದಿ-ಹಸಿರು ಆದ ಮಾತ್ರಕ್ಕೆ ಬ್ಯಾಕ್ಟೀರಿಯಾ ಎನ್ನಲು ಬರುವುದಿಲ್ಲ. ಬ್ಯಾಕ್ಟೀರಿಯಾಗಳಲ್ಲಿ ನಾವು ನಿಜವಾಗಿ ಹುಡುಕುವುದು ಮುಖ್ಯವಾಗಿ ಒಂದನ್ನು: ಸ್ಟ್ರೆಪ್ಟೋಕಾಕಸ್ ಪಯೋಜಿನಿಸ್. ಲ್ಯಾಬಿನವರು ‘ಗ್ರೂಪ್ ಎ ಸ್ಟ್ರೆಪ್’ ಎನ್ನುತ್ತಾರೆ. ಗಂಟಲು ನೋವೆಂದು ಬರುವ 100 ದೊಡ್ಡವರಲ್ಲಿ 5ರಿಂದ 15 ಮಂದಿಗೆ, 100 ಮಕ್ಕಳಲ್ಲಿ 20ರಿಂದ 30 ಮಂದಿಗೆ ಇದು ಕಾರಣ. 5ರಿಂದ 15 ವರ್ಷದ ಮಕ್ಕಳಲ್ಲಿ ಜಾಸ್ತಿ. ಇದು ಬಂದಾಗ ನೋವು ಇದ್ದಕ್ಕಿದ್ದ ಹಾಗೆ ಶುರುವಾಗುತ್ತದೆ. ಜ್ವರ ಇರುತ್ತದೆ. ಕತ್ತಿನ ಮುಂಭಾಗದ ಗಂಟುಗಳು ಊದಿ, ಮುಟ್ಟಿದರೆ ನೋಯುತ್ತವೆ. ಟಾನ್ಸಿಲ್ ಮೇಲೆ ಬಿಳಿ ಕೀವು ಕಾಣುತ್ತದೆ. ಮುಖ್ಯವಾಗಿ, ಕೆಮ್ಮು ಇರುವುದಿಲ್ಲ. ಈ ನಾಲ್ಕರಲ್ಲಿ ಎಷ್ಟು ಇವೆ ಎಂದು ನೋಡಿಯೇ ವೈದ್ಯರು ಟೆಸ್ಟ್ ಬೇಕೋ ಬೇಡವೋ ಎಂದು ತೀರ್ಮಾನ ಮಾಡುವುದು. ನೀವು ಬರೆದ ಈಗಿನ ಲಕ್ಷಣಗಳಲ್ಲಿ ಕೆಮ್ಮಿಲ್ಲ ಎನ್ನುವುದನ್ನು ಬಿಟ್ಟರೆ ಇವ್ಯಾವುವೂ ಕಾಣುತ್ತಿಲ್ಲ.

ಮೊದಮೊದಲು ಅಜಿತ್ರೋಮೈಸಿನ್ ಕೆಲಸ ಮಾಡಿತಲ್ಲ ಎಂದು ನೀವು ಕೇಳಬಹುದು. ಔಷಧಿ ಏನೂ ತೆಗೆದುಕೊಳ್ಳದಿದ್ದರೂ ಗಂಟಲು ನೋವು ಬಂದ 100 ಜನರಲ್ಲಿ ಸುಮಾರು 40 ಮಂದಿಗೆ ಮೂರನೇ ದಿನಕ್ಕೆ ನೋವು ಹೋಗಿರುತ್ತದೆ. ವಾರ ಕಳೆಯುವಷ್ಟರಲ್ಲಿ 80ಕ್ಕೂ ಹೆಚ್ಚು ಮಂದಿ ವಾಸಿಯಾಗಿರುತ್ತಾರೆ. ಮಾತ್ರೆ ಮೂರು ದಿನದ್ದು, ಕಾಯಿಲೆಯೂ ಮೂರ್ನಾಲ್ಕು ದಿನದ್ದು. ಹೆಸರು ಮಾತ್ರೆಗೆ ಬಂತು. ಈಚಿನ ಎರಡು ಸಲ ಅದು ಕೆಲಸ ಮಾಡಲಿಲ್ಲ ಎಂದಿರಿ. ರೋಗಾಣು ಬಲಿತಿದ್ದರಿಂದ ಹಾಗಾಯಿತು ಎಂದು ನನಗೆ ಅನಿಸುವುದಿಲ್ಲ. ಈಗಿನ ನಿಮ್ಮ ತೊಂದರೆ ಸೋಂಕಿನದೇ ಅಲ್ಲ ಎನ್ನುವುದು ನನ್ನ ಬಲವಾದ ಅನುಮಾನ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಮಾತ್ರೆಯ ಬಗ್ಗೆ ಹೇಳಬೇಕು. ನಮ್ಮ ದೇಶದ ಖಾಸಗಿ ಔಷಧಿ ಮಾರಾಟದ 2019ರ ಲೆಕ್ಕ ನೋಡಿದರೆ, ಅತಿ ಹೆಚ್ಚು ಬಳಕೆಯಾದ ಆ್ಯಂಟಿಬಯಾಟಿಕ್ ಅಜಿತ್ರೋಮೈಸಿನ್ 500 ಮಿಲಿಗ್ರಾಂ ಮಾತ್ರೆ. ಅದರ ನಂತರದ್ದು ನಿಮ್ಮ ಪಟ್ಟಿಯಲ್ಲೂ ಇರುವ ಸೆಫಿಕ್ಸೀಮ್. ದಿನಕ್ಕೊಂದು, ಮೂರೇ ದಿನ ಎಂದರೆ ಎಲ್ಲರಿಗೂ ಅನುಕೂಲ. ಆದರೆ ನುಂಗುವುದು ಮೂರೇ ದಿನವಾದರೂ ಅದು ಮೈಯಲ್ಲಿ ಬಹಳ ದಿನ ಉಳಿಯುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 68 ಗಂಟೆ ಬೇಕು. ಗಂಟಲಿನ ಮಾಂಸದೊಳಗೆ ಇನ್ನೂ ಜಾಸ್ತಿ ಹೊತ್ತು ಕೂರುತ್ತದೆ. ಕೊನೆಕೊನೆಗೆ ಬ್ಯಾಕ್ಟೀರಿಯಾವನ್ನು ಕೊಲ್ಲಲಾಗದಷ್ಟು ಕಡಿಮೆ, ಆದರೆ ಕಾಡುವಷ್ಟು ಇರುತ್ತದೆ. ಈ ಹಂತವೇ ಅಪಾಯ. ಹೊಲಕ್ಕೆ ಕಳೆನಾಶಕ ಹೊಡೆದ ಮೇಲೆ ಅದಕ್ಕೆ ಸಾಯದ ನಾಲ್ಕು ಕಳೆ ಉಳಿದರೆ ಮುಂದಿನ ಮಳೆಗೆ ಹೊಲವೆಲ್ಲ ಅವೇ ತುಂಬುತ್ತವೆ, ಅಲ್ವಾ? ಇಲ್ಲೂ ಹಾಗೇ.

2007ರಲ್ಲಿ ಬೆಲ್ಜಿಯಂನ ಸಂಶೋಧಕರು ಇದನ್ನು ತೋರಿಸಿದರು. ಯಾವ ಕಾಯಿಲೆಯೂ ಇಲ್ಲದ ಸ್ವಯಂಸೇವಕರಲ್ಲಿ ಕೆಲವರಿಗೆ ಮೂರು ದಿನದ ಅಜಿತ್ರೋಮೈಸಿನ್ ಕೊಟ್ಟರು, ಕೆಲವರಿಗೆ ಔಷಧಿ ಇಲ್ಲದ ಬರೀ ಮಾತ್ರೆ. ಔಷಧಿ ತೆಗೆದುಕೊಂಡವರ ಗಂಟಲಿನ ಸಾಧು ಸ್ಟ್ರೆಪ್ಟೋಕಾಕಸ್‌ಗಳಲ್ಲಿ ಆ ಔಷಧಿಗೆ ಬಗ್ಗದವುಗಳ ಪಾಲು ಕೆಲವೇ ದಿನಗಳಲ್ಲಿ ಬಹಳ ಏರಿತು. 180 ದಿನ ಕಳೆದರೂ ಅದು ಪೂರ್ತಿ ಇಳಿದಿರಲಿಲ್ಲ. ಒಂದು ಕೋರ್ಸಿಗೆ ಆರು ತಿಂಗಳ ಪರಿಣಾಮ. ನೀವು ಒಂದು ವರ್ಷದಲ್ಲಿ ಎಷ್ಟು ಕೋರ್ಸ್ ತೆಗೆದುಕೊಂಡಿದ್ದೀರಿ ಎಂದು ಒಮ್ಮೆ ನೆನಪಿಸಿಕೊಳ್ಳಿ.

ಬ್ಯಾಕ್ಟೀರಿಯಾ ಇದನ್ನು ಹೇಗೆ ಮಾಡುತ್ತದೆ ಎಂದರೆ, ಎರಡು ದಾರಿ. ಅಜಿತ್ರೋಮೈಸಿನ್ ಬ್ಯಾಕ್ಟೀರಿಯಾದ ಒಳಗೆ ಹೋಗಿ, ಅದು ಪ್ರೋಟೀನ್ ತಯಾರಿಸುವ ಜಾಗಕ್ಕೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಆ ಅಂಟುವ ಜಾಗವನ್ನೇ ಸ್ವಲ್ಪ ಬದಲಾಯಿಸಿಕೊಳ್ಳುತ್ತವೆ. ಔಷಧಿ ಅಂಟುವುದಿಲ್ಲ. ಇಂಥವು ಕ್ಲಿಂಡಾಮೈಸಿನ್ ಎನ್ನುವ ಬೇರೆ ಔಷಧಿಗೂ ಜಗ್ಗದಿರಬಹುದು. ಇನ್ನು ಕೆಲವು, ಒಳಗೆ ಬಂದ ಔಷಧಿಯನ್ನು ಪಂಪ್ ಮಾಡಿ ಹೊರಗೆ ಹಾಕುತ್ತವೆ. ಈ ಗುಣದ ಜೀನ್‌ಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲವು. ನಿಮ್ಮ ಗಂಟಲಿನ ನಿರುಪದ್ರವಿ ಬ್ಯಾಕ್ಟೀರಿಯಾ ಕಲಿತದ್ದು ನಾಳೆ ಬರುವ ಉಪದ್ರವಿಗೆ ಸಿಗಬಹುದು. ಅಜಿತ್ರೋಮೈಸಿನ್, ಎರಿತ್ರೋಮೈಸಿನ್ ಗುಂಪಿಗೆ ಬಗ್ಗದ ಗ್ರೂಪ್ ಎ ಸ್ಟ್ರೆಪ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ 2024ರ ತನ್ನ ಎಚ್ಚರಿಕೆಯ ಪಟ್ಟಿಗೆ ಸೇರಿಸಿದೆ.

ಇದು ಹಿಂದಕ್ಕೆ ತಿರುಗಿಸಲಾಗದ್ದೇನೂ ಅಲ್ಲ. 1990ರ ದಶಕದ ಶುರುವಿನಲ್ಲಿ ಫಿನ್‌ಲ್ಯಾಂಡ್‌ನಲ್ಲಿ ಗ್ರೂಪ್ ಎ ಸ್ಟ್ರೆಪ್ ಎರಿತ್ರೋಮೈಸಿನ್‌ಗೆ ಬಗ್ಗದಿರುವುದು ಹೆಚ್ಚಾಯಿತು. ಅಲ್ಲಿನ ವೈದ್ಯರು ಈ ಗುಂಪಿನ ಔಷಧಿ ಬರೆಯುವುದನ್ನು ದೇಶಾದ್ಯಂತ ಕಡಿಮೆ ಮಾಡಿದರು. 1992ರಲ್ಲಿ ಶೇ. 16.5 ಇದ್ದ ಪ್ರಮಾಣ 1996ರಲ್ಲಿ ಶೇ. 8.6ಕ್ಕೆ ಇಳಿಯಿತು. ನಾಲ್ಕೇ ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧ. ಈ ಅಂಕಿ ನನಗೆ ಯಾವಾಗಲೂ ಧೈರ್ಯ ಕೊಡುತ್ತದೆ.

ಇನ್ನೂ ದೊಡ್ಡ ಧೈರ್ಯದ ಮಾತೊಂದಿದೆ. ಪೆನಿಸಿಲಿನ್ 1940ರ ದಶಕದಿಂದ ಬಳಕೆಯಲ್ಲಿದೆ. ಇಷ್ಟು ವರ್ಷವಾದರೂ ಗ್ರೂಪ್ ಎ ಸ್ಟ್ರೆಪ್ ಅದಕ್ಕೆ ಬಗ್ಗುತ್ತಲೇ ಇದೆ. ಪೆನಿಸಿಲಿನ್‌ಗೆ ಪೂರ್ತಿ ಸೆಟೆದು ನಿಂತ ತಳಿ ರೋಗಿಗಳಲ್ಲಿ ಇಲ್ಲಿಯವರೆಗೆ ದೃಢಪಟ್ಟಿಲ್ಲ. ಸ್ವಲ್ಪ ಮಟ್ಟಿಗೆ ಬದಲಾದ ತಳಿಗಳು ಅಲ್ಲಲ್ಲಿ ಕಂಡಿವೆ, ವಿಜ್ಞಾನಿಗಳು ಅವುಗಳ ಮೇಲೆ ಕಣ್ಣಿಟ್ಟಿದ್ದಾರೆ. ಚಿಕಿತ್ಸೆಗೆ ಅದರಿಂದ ಇನ್ನೂ ತೊಡಕಾಗಿಲ್ಲ. ಪೆನಿಸಿಲಿನ್ ಗುಂಪಿನದೇ ಆದ ಅಮಾಕ್ಸಿಸಿಲಿನ್ ಎಲ್ಲ ಊರಲ್ಲೂ ಸಿಗುತ್ತದೆ, ಬೆಲೆಯೂ ಕಡಿಮೆ. ನಿಮ್ಮ ರಿಪೋರ್ಟಿನಲ್ಲಿ ಅದರ ಮುಂದೆ ‘ಆರ್’ ಇರುವುದು ಕ್ಲೆಬ್ಸಿಯೆಲ್ಲಾ ಲೆಕ್ಕದಲ್ಲಿ ಮಾತ್ರ. ಮುಂದೆ ಯಾವತ್ತಾದರೂ ನಿಮಗೆ ನಿಜವಾದ ಸ್ಟ್ರೆಪ್ ಸೋಂಕು ಬಂದರೆ ಅದೇ ಅಮಾಕ್ಸಿಸಿಲಿನ್ ಕೆಲಸ ಮಾಡುತ್ತದೆ. ‘ನನಗೆ ಅದು ನಾಟುವುದಿಲ್ಲ, ರಿಪೋರ್ಟಿನಲ್ಲಿದೆ’ ಎಂದು ವೈದ್ಯರಿಗೆ ಹೇಳಿಬಿಡಬೇಡಿ. ಪೆನಿಸಿಲಿನ್ ಅಲರ್ಜಿ ನಿಜವಾಗಿ ಇರುವವರಿಗೆ ಅಜಿತ್ರೋಮೈಸಿನ್ ಬೇಕಾಗಬಹುದು. ಅದು ಕೈಕೊಡದೆ ಉಳಿಯಬೇಕಾದದ್ದು ಅವರಿಗಾಗಿ.

ಅಮಾಕ್ಸಿಸಿಲಿನ್ ಕೊಟ್ಟರೂ ಕೆಲವರಿಗೆ ಸೋಂಕು ಮರುಕಳಿಸುತ್ತದೆ. ಅದಕ್ಕೆ ಬೇರೆ ಕಾರಣಗಳಿವೆ. ಮಾತ್ರೆ ಮೂರನೇ ದಿನಕ್ಕೆ ನಿಲ್ಲಿಸಿರುತ್ತಾರೆ. ಅಥವಾ ಮನೆಯಲ್ಲಿ, ಕ್ಲಾಸಿನಲ್ಲಿ ಇನ್ನೊಬ್ಬರಿಂದ ಮತ್ತೆ ಹತ್ತಿರುತ್ತದೆ. ಇನ್ನೊಂದು ಕಾರಣವನ್ನು ನಾವು ವೈದ್ಯರೇ ಮರೆಯುತ್ತೇವೆ. ಶಾಲೆಗೆ ಹೋಗುವ ಮಕ್ಕಳಲ್ಲಿ ಹತ್ತರಲ್ಲಿ ಒಬ್ಬರಿಗೆ ಯಾವ ಕಾಯಿಲೆಯೂ ಇಲ್ಲದೆ ಗಂಟಲಿನಲ್ಲಿ ಗ್ರೂಪ್ ಎ ಸ್ಟ್ರೆಪ್ ವಾಸವಿರುತ್ತದೆ. ಅಂಥ ಮಗುವಿಗೆ ವೈರಸ್‌ನಿಂದ ಗಂಟಲು ನೋವು ಬಂದಾಗ ಟೆಸ್ಟ್ ಮಾಡಿದರೆ ಸ್ಟ್ರೆಪ್ ತೋರಿಸುತ್ತದೆ, ನಿಜವಾದ ಕಾರಣ ಬೇರೆಯೇ ಆಗಿರುತ್ತದೆ.

ಸ್ಟ್ರೆಪ್‌ಗೆ ಹತ್ತು ದಿನ ಮಾತ್ರೆ ಏಕೆ ಎಂದರೆ, ನೋವು ಹೋದರೆ ಸಾಲದು, ಬ್ಯಾಕ್ಟೀರಿಯಾ ಪೂರ್ತಿ ಹೋಗಬೇಕು. ಉಳಿದರೆ ಎರಡು-ಮೂರು ವಾರದ ಮೇಲೆ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬರುತ್ತದೆ. ಕೀಲುಗಳು ಊದುತ್ತವೆ, ಹೃದಯದ ಕವಾಟ ಕೆಡುತ್ತದೆ. ಶ್ರೀಮಂತ ದೇಶಗಳಲ್ಲಿ ಇದು ಬಹುತೇಕ ಮಾಯವಾಗಿದೆ. ನಮ್ಮಲ್ಲಿ ಹಾಗಿಲ್ಲ. ಹೀಗೆ ಕಿರಿದಾದ ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಗೆ ಬೆಂಗಳೂರಿನ ಜಯದೇವ ಸಂಸ್ಥೆಗೆ ಇಂದಿಗೂ ಜನ ಬರುತ್ತಾರೆ. ಹಾಗೆಂದು ಗಾಬರಿಯಿಂದ ಮೊದಲ ದಿನವೇ ಮಾತ್ರೆ ನುಂಗಬೇಕಿಲ್ಲ. ಸೋಂಕು ಶುರುವಾಗಿ ಒಂಬತ್ತು ದಿನದ ಒಳಗೆ ಚಿಕಿತ್ಸೆ ಆರಂಭಿಸಿದರೂ ರುಮ್ಯಾಟಿಕ್ ಜ್ವರ ತಪ್ಪಿಸಬಹುದು. ಕಲ್ಚರ್ ಫಲಿತಾಂಶಕ್ಕೆ ಎರಡು ದಿನ ಕಾಯಲು ಬೇಕಾದಷ್ಟು ಸಮಯ ಇದೆ.

ಈಗ ನಿಮ್ಮ ಮಗನ ವಿಷಯ. ಎಎಸ್‌ಒ ಎನ್ನುವುದು ಸ್ಟ್ರೆಪ್ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು ರಕ್ತದಲ್ಲಿ ಅಳೆಯುವ ಟೆಸ್ಟ್. ಅದು 400 ಎಂದರೆ ಅವನಿಗೆ ಹಿಂದೆ ಯಾವಾಗಲೋ ಸ್ಟ್ರೆಪ್ ಸೋಂಕು ಆಗಿ ಹೋಗಿದೆ ಎಂದಷ್ಟೇ. ಈಗ ಸೋಂಕು ಇದೆ ಎಂದು ಅದು ಹೇಳುವುದಿಲ್ಲ. ಸೋಂಕಿನ ನಂತರ ಮೂರರಿಂದ ಆರು ವಾರಕ್ಕೆ ಅದು ಮೇಲಕ್ಕೆ ಹೋಗಿ, ತಿಂಗಳುಗಟ್ಟಲೆ ಹಾಗೇ ಇರಬಹುದು. ಲ್ಯಾಬಿನ ಕಾಗದದಲ್ಲಿ ‘200ಕ್ಕಿಂತ ಕಡಿಮೆ ಇರಬೇಕು’ ಎಂದು ಅಚ್ಚಾಗಿರುತ್ತದೆ, ಆದರೆ ಶಾಲೆಗೆ ಹೋಗುವ ವಯಸ್ಸಿನಲ್ಲಿ ಅದಕ್ಕಿಂತ ಜಾಸ್ತಿ ಇರುವುದು ಬಹಳ ಸಾಮಾನ್ಯ. 21 ದಿನಕ್ಕೊಮ್ಮೆ ಕೊಡುವ ಪೆನಿಸಿಲಿನ್ ಇಂಜೆಕ್ಷನ್ ಒಮ್ಮೆ ರುಮ್ಯಾಟಿಕ್ ಜ್ವರ ಬಂದವರಿಗೆ, ಕವಾಟಕ್ಕೆ ಪೆಟ್ಟಾದವರಿಗೆ. ಅವರಿಗೆ ಅದು ಜೀವ ಕಾಯುವ ಔಷಧಿ, ಒಂದನ್ನೂ ತಪ್ಪಿಸಬಾರದು. ಬರೀ ಒಂದು ಎಎಸ್‌ಒ ಅಂಕಿ ನೋಡಿ ಮಗುವಿಗೆ ವರ್ಷಗಟ್ಟಲೆ ಆ ನೋವಿನ ಸೂಜಿ ಚುಚ್ಚುವುದು ಸರಿಯಲ್ಲ. ಅವನಿಗೆ ಜ್ವರದ ಜೊತೆ ಒಂದು ಕೀಲಿನಿಂದ ಇನ್ನೊಂದು ಕೀಲಿಗೆ ಹಾರುವ ಊತ-ನೋವು ಬಂದಿತ್ತೇ? ಆಡುವಾಗ ಏದುಸಿರು ಇದೆಯೇ? ಕೈಕಾಲು ತಾನಾಗಿ ಕುಣಿಯುವ ಹಾಗೆ ಆಡುತ್ತವೆಯೇ? ಇದರಲ್ಲಿ ಒಂದಕ್ಕೆ ಹೌದು ಎಂದಾದರೂ ಮಕ್ಕಳ ವೈದ್ಯರಿಗೆ ಬೇಗ ತೋರಿಸಿ, ಹೃದಯದ ಎಕೋ ಮಾಡಿಸಿ. ಇಲ್ಲವಾದರೆ ಇಂಜೆಕ್ಷನ್ ಶುರು ಮಾಡುವ ಮುನ್ನ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ. ಅಂದ ಹಾಗೆ, ಎಎಸ್‌ಒಗೂ ನಿಮ್ಮ ಕ್ಲೆಬ್ಸಿಯೆಲ್ಲಾಗೂ ಸಂಬಂಧವೇ ಇಲ್ಲ. ಆ ತಪ್ಪಿತಸ್ಥ ಭಾವನೆಯನ್ನು ಇವತ್ತೇ ಬಿಟ್ಟುಬಿಡಿ.

ಮತ್ತೆ ನಿಮ್ಮ ಗಂಟಲಿಗೆ. ಬೆಳಿಗ್ಗೆ ಉರಿ, ಸಂಜೆ ದನಿ ಕಟ್ಟುವುದು, ಜ್ವರ ಇಲ್ಲ, ದಿನವೆಲ್ಲ ಕ್ಲಾಸಿನಲ್ಲಿ ಗಟ್ಟಿಯಾಗಿ ಮಾತು. ಶಿಕ್ಷಕರಲ್ಲಿ ನಾನು ಪದೇ ಪದೇ ನೋಡುವ ಚಿತ್ರ ಇದು. ಒಂದು ಕಾರಣ ದನಿಯ ಮೇಲೆ ಬೀಳುವ ಶ್ರಮ. ಇನ್ನೊಂದು, ರಾತ್ರಿ ಮಲಗಿದಾಗ ಹೊಟ್ಟೆಯ ಆಮ್ಲ ಗಂಟಲಿನವರೆಗೆ ಬರುವುದು. ಎದೆಯುರಿ ಇಲ್ಲದೆಯೂ ಇದು ಆಗಬಹುದು. ಮೂರನೆಯದು ಮೂಗಿನ ಅಲರ್ಜಿ. ಮೂಗು ಕಟ್ಟಿ ರಾತ್ರಿ ಬಾಯಲ್ಲಿ ಉಸಿರಾಡಿದರೆ ಬೆಳಿಗ್ಗೆ ಗಂಟಲು ಒಣಗಿ ಉರಿಯುತ್ತದೆ. ಸೀಮೆಸುಣ್ಣದ ಧೂಳು ಇದನ್ನು ಹೆಚ್ಚಿಸುತ್ತದೆ. ಇವುಗಳಲ್ಲಿ ಯಾವುದಕ್ಕೂ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ.

ಹಾಗಾಗಿ ನನ್ನ ಸಲಹೆ, ಒಮ್ಮೆ ಕಿವಿ-ಮೂಗು-ಗಂಟಲಿನ ವೈದ್ಯರ ಹತ್ತಿರ ಹೋಗಿ ದನಿಪೆಟ್ಟಿಗೆಯನ್ನು ದುರ್ಬೀನು ಹಾಕಿ ನೋಡಿಸಿಕೊಳ್ಳಿ. ಕೆಲವೇ ನಿಮಿಷದ ಕೆಲಸ. ದನಿತಂತುಗಳ ಮೇಲೆ ಸಣ್ಣ ಗಂಟುಗಳಿದ್ದರೆ ದನಿಯ ವ್ಯಾಯಾಮದಿಂದ ಬಹುಪಾಲು ಸರಿಹೋಗುತ್ತವೆ. ಅಲ್ಲಿಯವರೆಗೆ ರಾತ್ರಿ ಊಟ ಮಲಗುವ ಮೂರು ಗಂಟೆ ಮೊದಲೇ ಮುಗಿಸಿ. ಕ್ಲಾಸಿಗೆ ನೀರಿನ ಬಾಟಲಿ ಒಯ್ಯಿರಿ. ಶಾಲೆಯವರು ಸಣ್ಣ ಮೈಕ್ ಕೊಟ್ಟರೆ ನಾಚಿಕೊಳ್ಳದೆ ಬಳಸಿ. ಗ್ಯಾಸ್ಟ್ರಿಕ್ ಮಾತ್ರೆಯನ್ನು ವೈದ್ಯರು ಕೆಲವು ವಾರ ಕೊಟ್ಟು ನೋಡಬಹುದು. ಅದನ್ನು ನೀವೇ ತಂದು ತಿಂಗಳುಗಟ್ಟಲೆ ನುಂಗುವುದು ಬೇಡ.

ಟಾನ್ಸಿಲ್ ತೆಗೆಸಿಬಿಡಿ ಎಂದು ಯಾರಾದರೂ ಹೇಳಬಹುದು. ಜ್ವರ, ಕೀವು ಸಹಿತ ನಿಜವಾದ ಟಾನ್ಸಿಲ್ ಸೋಂಕು ಒಂದು ವರ್ಷದಲ್ಲಿ ಏಳು ಸಲ, ಇಲ್ಲವೇ ಎರಡು ವರ್ಷ ಸತತವಾಗಿ ಐದೈದು ಸಲ, ಇಲ್ಲವೇ ಮೂರು ವರ್ಷ ಮೂರು ಮೂರು ಸಲ ಬಂದಿದ್ದರೆ ಆ ಯೋಚನೆ ಮಾಡುತ್ತೇವೆ. ದೊಡ್ಡವರಿಗೆ ಆಪರೇಷನ್ ನಂತರದ ನೋವು ಮಕ್ಕಳಿಗಿಂತ ಜಾಸ್ತಿ. ಎರಡು ವಾರದವರೆಗೂ ರಕ್ತಸ್ರಾವದ ಅಪಾಯ ಇರುತ್ತದೆ. ನಿಮಗೆ ಅದು ಬೇಕಾಗುತ್ತದೆ ಎಂದು ನನಗೆ ಅನಿಸುತ್ತಿಲ್ಲ.

ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳೂ ಇವೆ. ಬಾಯಿ ತೆರೆಯಲಾಗದಿದ್ದರೆ, ಉಗುಳು ನುಂಗಲಾಗದೆ ಜೊಲ್ಲು ಸುರಿಯುತ್ತಿದ್ದರೆ, ಒಂದೇ ಪಕ್ಕ ವಿಪರೀತ ನೋವಿದ್ದರೆ ಟಾನ್ಸಿಲ್ ಪಕ್ಕದಲ್ಲಿ ಕೀವು ತುಂಬಿರಬಹುದು. ಉಸಿರಾಡುವಾಗ ಸದ್ದು ಬಂದರೆ, ಕತ್ತು ದಪ್ಪಗೆ ಊದಿದರೆ, ಗಂಟಲಿನಲ್ಲಿ ಬೂದು ಬಣ್ಣದ ಪೊರೆ ಕಂಡರೆ ಅದು ಗಂಟಲಮಾರಿ ಇರಬಹುದು. ಡಿಫ್ತೀರಿಯಾ ಎನ್ನುವುದೂ ಇದನ್ನೇ. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಇದು ಈಚಿನ ವರ್ಷಗಳಲ್ಲೂ ವರದಿಯಾಗಿದೆ. ಇದಕ್ಕೆ ಮಾತ್ರೆ ಸಾಲದು, ಆಸ್ಪತ್ರೆಯಲ್ಲಿ ವಿಷ ಇಳಿಸುವ ಪ್ರತಿವಿಷ ಕೊಡಬೇಕು. ಮಗನಿಗೆ ಧನುರ್ವಾಯು ಮತ್ತು ಡಿಫ್ತೀರಿಯಾ ತಡೆಯುವ 10ನೇ ವರ್ಷದ ಟಿಡಿ ಲಸಿಕೆ ಇನ್ನೇನು ಬರುತ್ತದೆ, ಸರ್ಕಾರದ ಲಸಿಕೆ ಪಟ್ಟಿಯಲ್ಲೇ ಇದೆ. ತಪ್ಪಿಸಬೇಡಿ.

ಮುಂದಿನ ಸಲ ನೆಗಡಿಯ ಜೊತೆ ಗಂಟಲು ನೋವು ಬಂದರೆ ಪ್ಯಾರಾಸಿಟಮಾಲ್, ಬಿಸಿ ಉಪ್ಪುನೀರಿನ ಮುಕ್ಕಳಿಕೆ, ವಿಶ್ರಾಂತಿ ಸಾಕು. ಜ್ವರ, ಕೀವು, ಕತ್ತಿನ ಗಂಟು ಇದ್ದು ಕೆಮ್ಮು ಇಲ್ಲದಿದ್ದರೆ ಮೆಡಿಕಲ್ ಶಾಪಿಗೆ ಹೋಗುವ ಮೊದಲು ವೈದ್ಯರ ಹತ್ತಿರ ಹೋಗಿ. ಸ್ವಾಬ್ ಕೊಡುವುದಾದರೆ ಯಾವ ಆ್ಯಂಟಿಬಯಾಟಿಕ್ ಶುರು ಮಾಡುವ ಮುಂಚೆಯೇ ಕೊಡಿ. ಲ್ಯಾಬಿನವರಿಗೆ ‘ಗ್ರೂಪ್ ಎ ಸ್ಟ್ರೆಪ್ ಇದೆಯೇ, ಇಲ್ಲವೇ’ ಎಂದು ನೋಡಿ ಹೇಳುವಂತೆ ಚೀಟಿಯಲ್ಲಿ ಬರೆಸಿ.